ಅತ್ತೆಯ ಕೈ ಕೋಸಂಬರಿ

ಬಳ್ಳಾರಿ
೧೧ ಸೆಪ್ಟೆಂಬರ್ ೨೦೨೪

ಅತ್ತೆಗೆ ಮಾಧವಿಯ ನಮಸ್ಕಾರ.

ಕವರ್ ನೋಡಿ, "ಫೋನ್ ಇರಬೇಕಾದ್ರ ಇಕೀಗೇನು ಹುಚ್ಚು, ಅಂಚೆ ಹಾಕ್ಯಾಳ" ಅಂದಿರುತ್ತೀ. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ಅಪ್ಪ ಸ್ಪೀಕರ್ ಹಾಕಿ ನಿನ್ನ ಕಿವಿಗೆ ಹಿಡಿದರೆ ನಿನ್ನೊಬ್ಬಳನ್ನು ಬಿಟ್ಟು ಇಡೀ ಚಿತ್ತವಾಡಗಿಗೆ ಕೇಳಿಸುತ್ತದೆ. ಇದು ಊರಿಗೆ ಕೇಳಿಸುವ ಮಾತಲ್ಲ. ಗುಲ್ಲೆದ್ದರೆ ನನ್ನ ಕೆಲಸಕ್ಕೇ ಕುತ್ತು.

ನಿನ್ನ ಕೆಲಸ ಏನೇ ಎಂದು ನೀನು ಕೇಳಿದಾಗಲೆಲ್ಲ "ನೀರು ನೋಡೋದು" ಅಂದು ಮುಗಿಸಿದ್ದೇನೆ. ನೀರಿನಿಂದ, ಊಟದಿಂದ ಬರುವ ಜ್ವರದ ಕ್ರಿಮಿಯನ್ನು ಬೇಗ ಪತ್ತೆ ಹಚ್ಚುವುದು ಹೇಗೆ, ಅದಕ್ಕೆ ಯಾವ ಔಷಧಿ ಇನ್ನೂ ನಾಟುತ್ತದೆ ಎನ್ನುವುದು ನಮ್ಮ ಲ್ಯಾಬಿನ ಸಂಶೋಧನೆ. ಸುತ್ತಲಿನ ಊರುಗಳ ಆಸ್ಪತ್ರೆಗಳಿಂದ ರಕ್ತದ ಸ್ಯಾಂಪಲ್ ನಮ್ಮಲ್ಲಿಗೆ ಬರುತ್ತವೆ. ಈ ತಿಂಗಳು ಕಂಪ್ಲಿಯಿಂದ ಒಂದೇ ಸಮನೆ ಟೈಫಾಯಿಡ್ ಬಂತು. ಅದು ಮುಗಿಯುವಷ್ಟರಲ್ಲಿ ಸಂಡೂರಿನಿಂದಲೂ ಬಂತು. ಡ್ಯಾಮಿನ ಗೇಟು ಕೊಚ್ಚಿಹೋದ ಮೇಲೆ ಹೊಳೆ ನೀರು ಕೆಟ್ಟಿದೆ ಎಂದು ಜನ ಹೇಳುತ್ತಿದ್ದಾರೆ. ಇರಬಹುದು. ನಲ್ಲಿ, ಬಾವಿ, ಟ್ಯಾಂಕು ಒಂದನ್ನೂ ಬಿಡದೆ ನೀರು ಹಿಡಿದು ತರುತ್ತಿದ್ದೇವೆ. ನೀನು ದಯವಿಟ್ಟು ನೀರು ಕಾಯಿಸಿ ಆರಿಸಿ ಕುಡಿ. ಅಪ್ಪನಿಗೂ ಅದನ್ನೇ ಕೊಡು.

ಇನ್ನೊಂದು. ಹೊಳೆಮ್ಮನ ಮೊಮ್ಮಗಳು ಗಾಯತ್ರಿಗೆ ಜ್ವರ ಬಿಡುತ್ತಿಲ್ಲ ಎಂದು ಅಪ್ಪ ಹೇಳಿದರು. ಓಣಿಯ ಡಾಕ್ಟರ ಹತ್ತಿರ ಗ್ಲೂಕೋಸ್ ಏರಿಸಿಕೊಂಡು ಬಂದರಂತೆ. ಹೊಳೆಮ್ಮ ಮುಸುರೆ ತಿಕ್ಕಲು ಬಂದಾಗ ಹೇಳು, ಮಗುವನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಲಿ. ತಡ ಮಾಡುವ ಜ್ವರವಲ್ಲ ಇದು.

ನನಗೆ ಹೆದರಿಕೆಯಾಗುತ್ತದೆ ಅತ್ತೆ. ಬಸುರಿಗೆ ಈ ಜ್ವರ ಬಂದರೆ ಹೊಟ್ಟೆಯಲ್ಲಿರುವುದು ಉಳಿಯುವುದು ಕಷ್ಟ ಎಂದು ಓದಿಕೊಂಡವಳು ನಾನು. ಐದು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ ಅಂದಿದ್ದೆ ನೀನು. ಲ್ಯಾಬಿನ ಮೇಡಂಗೆ ಮಾತ್ರ ಹೇಳಿದ್ದೇನೆ, ಕ್ರಿಮಿ ಬೆಳೆಸುವ ಕೋಣೆಗೆ ಹೋಗುವುದು ಬಿಟ್ಟಿದ್ದೇನೆ. ನೀನು ಬಂದು ಬಾಣಂತನ ಮಾಡುವ ದಿನಕ್ಕೆ ಕಾಯುತ್ತಿದ್ದೇನೆ.

ನಿನ್ನ ಮಾಧವಿ

*

ಹೊಸಪೇಟೆ
೧೮ ಸೆಪ್ಟೆಂಬರ್ ೨೦೨೪

ಮಾಧವಿಗೂ ಅವಳೊಳಗಿನ ಪುಟ್ಟದಕ್ಕೂ ಒಂದೊಂದು ಆಶೀರ್ವಾದ. ಜಗಳವಾಡದೆ ಹಂಚಿಕೊಳ್ಳಿರಿ.

ಎಷ್ಟೋ ವರ್ಷದ ಮೇಲೆ ಪೋಸ್ಟ್‌ಮನ್ ಬಾಗಿಲಲ್ಲಿ ನನ್ನ ಹೆಸರು ಕೂಗಿದ. ಅಕ್ಕನಿಗೆ ಬಂತು, ತನಗಿಲ್ಲ ಅಂತ ನಿಮ್ಮಪ್ಪನಿಗೆ ಹೊಟ್ಟೆಕಿಚ್ಚು. "ಏನ್ ಬರದಾಳ, ಏನ್ ಬರದಾಳ" ಅಂತ ಹಿಂದೆ ಹಿಂದೆಯೇ ತಿರುಗಿದ. "ಹೆಣ್ಮಕ್ಕಳ ವಿಷಯ, ವಿದ್ಯಾಧೀಶ" ಅಂದೆ, ಪೇಪರು ಹಿಡಿದು ಕೂತ.

ನೀರು ಕಾಯಿಸಿ ಕುಡಿ ಅಂತ ನನಗೆ ಹೇಳುತ್ತೀಯಲ್ಲ, ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗಾಯಿತು. ಹಿತ್ತಿಲ ಬಾವಿಯ ನೀರು ನಾನೇ ಸೇದುತ್ತೇನೆ. ತಾಮ್ರದ ಕೊಡಕ್ಕೆ ಮಡಿಬಟ್ಟೆ ಕಟ್ಟಿ ಸೋಸುತ್ತೇನೆ. ಒದ್ದೆ ಸೀರೆಯಲ್ಲಿ ಒಳಗೆ ಹೊಕ್ಕರೆ ಅಡಿಗೆ ಮುಗಿಯುವವರೆಗೆ ಯಾರನ್ನೂ ಮುಟ್ಟುವುದಿಲ್ಲ. ನನ್ನ ಅಡಿಗೆಮನೆಗೆ ನೊಣ ಬರಬೇಕಾದರೂ ಸ್ನಾನ ಮಾಡಿಕೊಂಡೇ ಬರಬೇಕು.

ಕಂಪ್ಲಿಯಲ್ಲಿ ಜ್ವರವಂತೆ, ಪಾಪ. ಹೋದ ತಿಂಗಳು ಅಲ್ಲೇ, ನಮ್ಮ ಬಳಗದ ವೆಂಕೋಬನ ಮನೆಯ ಸಮಾರಾಧನೆಗೆ ನಾನೇ ಹೋಗಿ ಮಡಿ ಅಡಿಗೆ ಮಾಡಿಕೊಟ್ಟು ಬಂದೆ. ಅದಾದ ಮೇಲೆ ಸಂಡೂರಿನಲ್ಲಿ ಒಂದು ಸತ್ಯನಾರಾಯಣ ಪೂಜೆ. ಹುಳಿ, ಸಾರು, ಹಯಗ್ರೀವ ಎಲ್ಲ ಉಂಡರು, ಹೊಗಳಿದ್ದು ಮಾತ್ರ ಕೋಸಂಬರಿಯನ್ನ. "ಕೃಷ್ಣಾಬಾಯಾರ, ನಿಮ್ಮ ಕೈ ಕೋಸಂಬ್ರಿ ಅಂದ್ರ ಕೋಸಂಬ್ರಿ ನೋಡ್ರಿ, ಇನ್ನಷ್ಟು ಹಾಕ್ರಿ" ಅಂತ ಗಂಡಸರು ಎಲೆ ಮುಂದೆ ಕೈ ಒಡ್ಡಿದರು. ನಿನಗೂ ಹೇಳಿಕೊಡುತ್ತೇನೆ ಕೇಳು. ನೆನೆದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿಗೆ ಸೌಟು ಹಾಕಬಾರದು. ಬರಿಗೈಯಲ್ಲಿ ಕಲಸಬೇಕು. ಉಪ್ಪು ಎಷ್ಟೆಂದು ಬೆರಳಿಗೆ ತಿಳಿಯುತ್ತದೆ.

ಗಾಯತ್ರಿಯ ವಿಷಯ ಹೊಳೆಮ್ಮನಿಗೆ ಹೇಳಿದೆ. "ಜ್ವರ ಇಳದೈತಿ ತಗೋರಿ ಅಮ್ಮಾರ, ಹೋದ್ರಾತು" ಅಂದಳು. ಆ ಹುಡುಗಿಗೂ ನನ್ನ ಕೋಸಂಬರಿ ಅಂದರೆ ಪ್ರಾಣ. ಶ್ರಾವಣ ಶನಿವಾರ ಉಳಿದದ್ದನ್ನೆಲ್ಲ ಹಿತ್ತಿಲ ಬಾಗಿಲಲ್ಲಿ ಹೊಳೆಮ್ಮನ ಡಬ್ಬಿಗೆ ಮೇಲಿನಿಂದ ಹಾಕಿದ್ದೆ, ಮುಟ್ಟಿಸಿಕೊಳ್ಳದ ಹಾಗೆ. ದಾರಿಯಲ್ಲೇ ಖಾಲಿ ಮಾಡಿತಂತೆ ಕೂಸು.

ಹಳೆಯ ಮೆತ್ತನೆ ಸೀರೆಗಳನ್ನೆಲ್ಲ ತೊಳೆದು ಮಡಚಿಟ್ಟಿದ್ದೇನೆ, ಮಗುವಿಗೆ ದುಪ್ಪಟಿ ಹೊಲಿಯಲಿಕ್ಕೆ. ನೀನು ಹೆದರಬೇಡ. ಹೆದರಿದರೆ ಮಗುವಿಗೂ ಹೆದರಿಕೆ ಬರುತ್ತದೆ.

ಅತ್ತೆ ಕೃಷ್ಣಾಬಾಯಿ

*

ಬಳ್ಳಾರಿ
೨೭ ಸೆಪ್ಟೆಂಬರ್ ೨೦೨೪

ಅತ್ತೆ,

ಗಾಯತ್ರಿಯನ್ನು ಇಲ್ಲಿಗೆ ತಂದಿದ್ದಾರೆ. ನಿನಗೆ ಗೊತ್ತಾಗಿರಬೇಕು. ಜ್ವರದಲ್ಲಿ ಕರುಳು ತೂತಾಗಿತ್ತು. ಹೊಟ್ಟೆ ಕೊಯ್ದು ಹೊಲಿದಿದ್ದಾರೆ. ಇನ್ನೂ ಕಣ್ಣು ಬಿಟ್ಟು ಮಾತಾಡಿಲ್ಲ. ಹೊಳೆಮ್ಮ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ, "ಮಾಧವಕ್ಕ, ನೀವು ಡಾಕ್ಟರ್ ಅಲ್ಲೇನ್ರಿ, ಒಳಗ್ ಹೋಗಿ ಒಂದ್ ಮಾತು ಕೇಳ್ರಿ" ಅಂದಳು. ನಾನು ಆ ಥರದ ಡಾಕ್ಟರಲ್ಲ, ಆದರೂ ಒಳಗೆ ಹೋಗಿ ಕೇಳಿ ಬಂದೆ.

ನೀರಿನ ಫಲಿತಾಂಶ ಬಂತು. ನಾವೊಂದು ಬಾಟಲಿ ಇಡುತ್ತೇವೆ, ನೀರಿನಲ್ಲಿ ಹೊಲಸು ಬೆರೆತಿದ್ದರೆ ಒಂದೆರಡು ದಿನದಲ್ಲಿ ಕರ್ರಗಾಗುತ್ತದೆ. ವೆಂಕೋಬನವರ ಮನೆಯ ನೀರು, ಸಂಡೂರಿನ ಆ ಮನೆಯ ನೀರು, ಅಪ್ಪ ಕಳಿಸಿದ ನಮ್ಮ ಬಾವಿಯ ನೀರು, ಯಾವುದೂ ಕಪ್ಪಾಗಲಿಲ್ಲ. ಕಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು. ತಿಳಿಯಾದ ಬಾಟಲಿಗಳನ್ನು ನೋಡಿ ಅಳು ಬಂತು ಎಂದರೆ ನೀನು ನಂಬುವುದಿಲ್ಲ.

ಯಾಕೆಂದರೆ ಕಂಪ್ಲಿಯ ಕ್ರಿಮಿ, ಸಂಡೂರಿನ ಕ್ರಿಮಿ, ಗಾಯತ್ರಿಯ ರಕ್ತದ ಕ್ರಿಮಿ ಒಂದೇ. ಅದೂ ವಿಚಿತ್ರದ್ದು. ಈಗ ಊರಲ್ಲಿ ತಿರುಗುವ ಟೈಫಾಯಿಡ್‌ಗೆ ಹಳೆಯ ಮಾತ್ರೆ ನಾಟುವುದಿಲ್ಲ. ಇದಕ್ಕೆ ಎಲ್ಲವೂ ನಾಟುತ್ತದೆ. "ಇದು ಇಂದಿನದಲ್ಲ ಮಾಧವಿ" ಎಂದರು ಮೇಡಂ. "ಎಷ್ಟೋ ವರ್ಷ ಔಷಧಿಯ ಮುಖ ನೋಡದೆ ಯಾರದೋ ಹೊಟ್ಟೆಯೊಳಗೆ ಅಡಗಿ ಕೂತಿದೆ. ಆ ಯಾರು ಅನ್ನೋದನ್ನು ಹುಡುಕು." ಕೆಲವರು ಹಾಗಿರುತ್ತಾರೆ ಅತ್ತೆ. ಅವರಿಗೆ ಜ್ವರವಿಲ್ಲ, ನೋವಿಲ್ಲ. ಅವರ ಕೈಯಿಂದ ಬೇರೆಯವರಿಗೆ ಹೋಗುತ್ತದೆ. ಬೇಯಿಸಿದ ಅಡಿಗೆಯಲ್ಲಿ ಸಾಯುತ್ತದೆ, ಬೇಯಿಸದೆ ಬರಿಗೈಯಲ್ಲಿ ಕಲಸಿದ್ದರಲ್ಲಿ ಉಳಿಯುತ್ತದೆ.

ಮೂರೂ ಕಡೆ ಅಡಿಗೆ ಯಾರದು ಎಂದು ನಾನು ಯಾರನ್ನೂ ಕೇಳಬೇಕಾಗಿಲ್ಲ. ನಿನ್ನ ಕಾಗದ ನನ್ನ ಕೈಯಲ್ಲೇ ಇದೆ. ಹತ್ತು ಸಲ ಓದಿದೆ, ಬೇರೆ ಅರ್ಥ ಹೊರಡಲಿ ಎಂದು.

ಭಾನುವಾರ ಬರುತ್ತೇನೆ, ಒಂದು ಸಣ್ಣ ಡಬ್ಬಿ ಕೊಡುತ್ತೇನೆ. ಬೆಳಿಗ್ಗೆ ಕಕ್ಕಸಿಗೆ ಹೋದಾಗ ಅದರಲ್ಲಿ ಸ್ವಲ್ಪ ಹಾಕಿ ಕೊಡಬೇಕು. ನಿನ್ನನ್ನು ಇಂಥದ್ದು ಕೇಳುವ ಕಾಲ ಬಂತಲ್ಲ ನನಗೆ. ನಾನು ತಪ್ಪು ತಿಳಿದಿರಲಿ ಎಂದು ದೇವರಿಗೆ ಹರಕೆ ಹೊತ್ತಿದ್ದೇನೆ.

ಮಾಧವಿ

*

ಹೊಸಪೇಟೆ
೩ ಅಕ್ಟೋಬರ್ ೨೦೨೪

ಮಾಧವಿ,

ಆಶೀರ್ವಾದ ಇದ್ದೇ ಇದೆ, ಸಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಭಾನುವಾರ ನೀನು ಬಂದೆ. ಒಳಗೆ ಬರಲಿಲ್ಲ. ಗೇಟಿನಲ್ಲೇ ನಿಂತು ಬಿಳಿ ಡಬ್ಬಿ ಕೊಟ್ಟೆ. ನಾನು ತಂದ ಮಜ್ಜಿಗೆ ಮುಟ್ಟದೆ "ಹೊತ್ತಾತು ಅತ್ಯಾ" ಅಂದೆ. ಬಾಯಿ ಒಣಗಿತ್ತು ನಿನಗೆ, ನನಗೆ ಕಾಣುವುದಿಲ್ಲವೇ? ಇಷ್ಟು ವರ್ಷ ನಾನು ಜನರನ್ನು ಹೊಸ್ತಿಲಾಚೆ ನಿಲ್ಲಿಸಿದ್ದೇನೆ. ನನ್ನಿಂದ ದೂರ ನಿಂತವಳು ನೀನೇ ಮೊದಲು, ನಾನು ಎತ್ತಿ ಬೆಳೆಸಿದವಳು.

ಕಕ್ಕಸಿನಿಂದ ಬಂದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯುತ್ತೀಯಾ ಅಂತ ಬೇರೆ ಕೇಳಿದೆ, ಬೀದಿಯಲ್ಲಿ ನಿಂತು. ಮಡಿಯಲ್ಲಿ ಸಾಬೂನು ಮುಟ್ಟುವುದುಂಟೇನೆ? ಯಾವ ಪ್ರಾಣಿಯ ಕೊಬ್ಬೋ ಏನೋ. ನಮ್ಮಮ್ಮ ಮಣ್ಣು ಹಚ್ಚಿ ತೊಳೆಯುತ್ತಿದ್ದಳು. ಈಗ ಹಿತ್ತಿಲೆಲ್ಲ ಸಿಮೆಂಟು, ಮಣ್ಣೆಲ್ಲಿ? ನೀರಿನಲ್ಲೇ ತೊಳೆದುಕೊಂಡು, ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಒಳಗೆ ಹೋಗುತ್ತೇನೆ. ಇದಕ್ಕಿಂತ ಶುದ್ಧ ನಿನ್ನ ಲ್ಯಾಬಿನಲ್ಲಿ ಯಾರಿದ್ದಾರೆ ತೋರಿಸು.

ಡಬ್ಬಿಯನ್ನು ನಿಮ್ಮ ಜೀಪಿನವನ ಕೈಗೆ ಕೊಟ್ಟೆ, ಮೇಲೆ ಎರಡು ಚೀಲ ಸುತ್ತಿ. "ಏನ್ರಿ ಅಮ್ಮಾರ, ಉಪ್ಪಿನಕಾಯೇನ್ರಿ?" ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದರ ಮೇಲೆ ನನ್ನ ಹೆಸರು ಬರೆಯಬೇಡ. ಇರುವುದೊಂದು ಮಾನ.

ಸಿಟ್ಟು ಇಷ್ಟೇ. ಇನ್ನು ನಿಜ ಹೇಳುತ್ತೇನೆ. ನೀನು ಹೋದ ಮರುದಿನ ಬೇಳೆ ನೆನೆಸಿಟ್ಟಿದ್ದೆ. ಕೈ ಹಾಕಲು ಆಗಲೇ ಇಲ್ಲ. ಅದು ಹಾಗೇ ಮೊಳಕೆ ಬಂತು. ನಿಮ್ಮಪ್ಪನಿಗೆ ಬಡಿಸುವಾಗ ಅನ್ನದ ಮೇಲೆ ನನ್ನ ಬೆರಳು ತಾಗೀತು ಅಂತ ಜೀವ ಹೊಡೆದುಕೊಳ್ಳುತ್ತದೆ. ಕೈ ತಿರುವಿ ತಿರುವಿ ನೋಡಿಕೊಳ್ಳುತ್ತೇನೆ, ಏನೂ ಕಾಣುವುದಿಲ್ಲ. ಗಾಯತ್ರಿ ಕಣ್ಣು ಬಿಟ್ಟಳೇ? ಅದೊಂದು ತಿಳಿಸು.

ಇಲ್ಲ ಅಂತ ಬರೆ ಮಾಧವಿ. ಜಲ್ದಿ ಬರೆ.

ಅತ್ತೆ

*

ಬಳ್ಳಾರಿ
೧೪ ಅಕ್ಟೋಬರ್ ೨೦೨೪

ಅತ್ತೆ,

ಗಾಯತ್ರಿ ಕಣ್ಣು ಬಿಟ್ಟಿದ್ದಾಳೆ. ನಿನ್ನೆ ಗಂಜಿ ಕುಡಿದಳು. ಅದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಮುಂದಿನದನ್ನು ಇಲ್ಲ ಎಂದು ಬರೆಯಲು ನನ್ನಿಂದ ಆಗುತ್ತಿಲ್ಲ.

ಇದೆ. ಒಂದೇ ಸಲಕ್ಕೆ ನಂಬದೆ ಮೇಡಂ ಕೈಯಲ್ಲಿ ಮತ್ತೆ ಮಾಡಿಸಿದೆ. ಅದೇ ಕ್ರಿಮಿ.

ನೀನು ಕೊಳಕು ಎಂದಲ್ಲ. ಇದನ್ನು ಮತ್ತೆ ಮತ್ತೆ ಓದು. ಯಾವಾಗಲೋ ನಿನ್ನ ಹೊಟ್ಟೆ ಸೇರಿದ್ದು ಪಿತ್ತಕೋಶದಲ್ಲಿ ಮನೆ ಮಾಡಿಕೊಂಡಿದೆ. ಊಟದ ಮೇಲೆ ಬಲಪಕ್ಕೆ ಹಿಡಿದುಕೊಂಡು "ಗ್ಯಾಸು" ಅಂತ ಓಮದ ನೀರು ಕುಡಿಯುತ್ತೀಯಲ್ಲ, ಅಲ್ಲಿ ಕಲ್ಲು ಇದ್ದರೂ ಇರಬಹುದು. ಕಲ್ಲಿನ ಸಂದಿಯಲ್ಲಿ ಇದು ಸುಖವಾಗಿ ಬದುಕುತ್ತದೆ. ಅಲ್ಲಿಂದ ಹೊಟ್ಟೆಗೆ, ಹೊಟ್ಟೆಯಿಂದ ಕೈಗೆ. ಬರೀ ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ, ಸಾಬೂನು ಬೇಕೇ ಬೇಕು. ಕೊಬ್ಬಿಲ್ಲದ ಸಾಬೂನು ಸಿಗುತ್ತದೆ, ಕಳಿಸಿದ್ದೇನೆ.

ಮಾತ್ರೆಗಳೂ ಇದರೊಂದಿಗಿವೆ. ಊಟವಾದ ಮೇಲೆ ಒಂದು, ಎರಡು ಹೊತ್ತೂ, ನಾಲ್ಕು ವಾರ. ಹಳೆಯ ಕ್ರಿಮಿಯಾದ್ದರಿಂದ ಈ ಮಾತ್ರೆ ನಾಟುತ್ತದೆ, ಅದೊಂದೇ ನಮ್ಮ ಪುಣ್ಯ. ಮುಗಿಯುವವರೆಗೆ ಬೇರೆಯವರಿಗೆ ಅಡಿಗೆ ಮಾಡಬೇಡ. ಅಪ್ಪನಿಗೆ ನಾನೇ ಹೇಳಿದ್ದೇನೆ. ರಿಪೋರ್ಟಿನಲ್ಲಿ ನಿನ್ನ ಹೆಸರಿಲ್ಲ.

ಅವತ್ತು ಮಜ್ಜಿಗೆ ಕುಡಿಯದೆ ಬಂದುಬಿಟ್ಟೆ. ನಿನ್ನ ಕೈಗೆ ಹೆದರಿದೆ ಅತ್ತೆ. ನನಗಾಗಿ ಅಲ್ಲ. ನಿನಗೆ ಅರ್ಥವಾಗುತ್ತದೆ.

ಮಾಧವಿ

*

ಹೊಸಪೇಟೆ
೨೧ ನವೆಂಬರ್ ೨೦೨೪

ಮಾಧವಿಗೆ ಆಶೀರ್ವಾದ, ದೂರದಿಂದಲೇ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂದರೆ, ಕಾಗದ ಮುಟ್ಟಲೂ ಹೆದರಿಕೆಯಾಯಿತು. ಅದನ್ನು ಬಿಡಿಸಿ ಓದುವವಳು ನೀನಲ್ಲವೇ. ಕಾಗದಕ್ಕೆ ಅಂಟುವುದಿಲ್ಲ ಅಂತ ನಿಮ್ಮಪ್ಪ ಆಣೆ ಮಾಡಿ ಹೇಳಿದ ಮೇಲೆ ಕೂತಿದ್ದೇನೆ. ಈಗ ಅಡಿಗೆ ಅವನದೇ. ಅನ್ನ ಮುದ್ದೆ, ಸಾರು ನೀರು. ಬಾಯಿ ಮುಚ್ಚಿ ಉಣ್ಣುತ್ತೇನೆ.

ಮಾತ್ರೆ ಮುಗಿಯಿತು. ನೀನು ಬರೆದ ಹಾಗೇ ತೆಗೆದುಕೊಂಡೆ, ಊಟವಾದ ಮೇಲೆ ಒಂದು. ಏಕಾದಶಿ ದಿನ ಊಟವಿಲ್ಲ, ಹಾಗಾಗಿ ಮಾತ್ರೆಯೂ ಇಲ್ಲ. ದಶಮಿ, ದ್ವಾದಶಿಯ ರಾತ್ರಿಯೂ ಅಷ್ಟೆ. ಉಳಿದದ್ದನ್ನು ಕೊನೆಗೆ ಸೇರಿಸಿ ನುಂಗಿದೆ, ಒಂದೂ ಚೆಲ್ಲಲಿಲ್ಲ.

ಅಡಿಗೆಗೆ ಕರೆ ಬರುತ್ತಲೇ ಇದೆ. ಕೈ ನೋವು ಅನ್ನುತ್ತೇನೆ. ಕಮಲಾಪುರದವರೊಬ್ಬರು, "ಬರೀ ಕೋಸಂಬ್ರಿ ಕಲಸಿ ಹೋಗ್ರಿ ಸಾಕು" ಅಂದರು. ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಹೊಳೆಮ್ಮ ಮೊಮ್ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದಾಳೆ ಅಂತ ತಿಳಿಯಿತು. ಕೆಲಸಕ್ಕೆ ಬಂದಿರಲಿಲ್ಲ. ನಾನೇ ಅವರ ಮನೆಗೆ ಹೋದೆ, ಇಷ್ಟು ವರ್ಷದಲ್ಲಿ ಮೊದಲನೇ ಸಲ. ಗಾಯತ್ರಿ ಹೊರಸಿನ ಮೇಲೆ ಕೂತಿತ್ತು, ಲಂಗ ಸಡಿಲವಾಗಿ ಜಾರುತ್ತಿತ್ತು. "ಅಜ್ಜೀ, ಕೋಸಂಬ್ರಿ ತಂದೀರೇನ್ರಿ?" ಅಂತು. ಅಲ್ಲೇ ಹೇಳಿಬಿಟ್ಟೆ ಹೊಳೆಮ್ಮನಿಗೆ, ಇದು ನನ್ನ ಕೈಯಿಂದ ಬಂದದ್ದು ಅಂತ.

ಅವಳು ಕೂಗಾಡಿದ್ದರೆ ಹಗುರವಾಗುತ್ತಿತ್ತು. ನನ್ನ ಕೈಯನ್ನೇ ನೋಡಿದಳು. ಆಮೇಲೆ ಅಂದಳು: "ನಾವು ಮುಟ್ಟಿದ್ರ ನಿಮಗ ಮೈಲಿಗಿ ಆಕ್ಕೈತಂತ ಬಾಗಿಲಾಚಿಗೆ ನಿಂದ್ರಿಸಿದ್ರಿ. ಡಬ್ಬಿಗೆ ಮ್ಯಾಲಿಂದ ಹಾಕಿದ್ರಿ. ಈಗ ನೀವ ಹೇಳ್ರಿ ಅಮ್ಮಾರ, ಯಾರನ್ನ ಯಾರು ಮುಟ್ಟಬಾರದಿತ್ತು?"

"ಇನ್ನ ಹೋಗ್ರಿ" ಅಂದಳು. ಬಂದೆ. ದಾರಿಯುದ್ದಕ್ಕೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಬಂದೆ.

ಹಂಪಿಗೆ ಹೋಗಿ ಯಂತ್ರೋದ್ಧಾರಕ ಪ್ರಾಣದೇವರಿಗೆ ಪ್ರದಕ್ಷಿಣೆ ಹಾಕಿದೆ. ತೀರ್ಥಕ್ಕೆ ಕೈ ಒಡ್ಡಲಿಲ್ಲ.

ನಿನ್ನ ಅತ್ತೆ

*

ಬಳ್ಳಾರಿ
೫ ಡಿಸೆಂಬರ್ ೨೦೨೪

ಅತ್ತೆ,

ಮಾತ್ರೆ ಮುಗಿದ ಮೇಲೆ ನೀನು ಕಳಿಸಿದ ಎರಡನೇ ಡಬ್ಬಿ ನೋಡಿದೆವು. ಕ್ರಿಮಿ ಇನ್ನೂ ಇದೆ.

ನಿನ್ನ ಮೇಲೆ ರೇಗಬೇಕೆಂದು ಪೆನ್ನು ಹಿಡಿದೆ. ಆಮೇಲೆ ನನ್ನ ಕಾಗದದಲ್ಲಿ ಏನಿತ್ತೆಂದು ನೆನಪಾಯಿತು. ಊಟವಾದ ಮೇಲೆ ಎಂದು ಬರೆದವಳು ನಾನೇ. ದಶಮಿ, ಏಕಾದಶಿ, ದ್ವಾದಶಿ ಎಂದರೆ ನಮ್ಮ ಮನೆಯಲ್ಲಿ ಒಲೆ ಹೇಗಿರುತ್ತದೆ ಎಂದು ಗೊತ್ತಿದ್ದವಳು, ಅಲ್ಲೇ ಹುಟ್ಟಿದವಳು. ಆ ಬಿಡುವಿನಲ್ಲಿ ಸಾಯುತ್ತಿದ್ದದ್ದು ಮತ್ತೆ ಚಿಗುರಿರಬಹುದು. ಕಲ್ಲು ಇದ್ದರೆ ಮಾತ್ರೆಯಿಂದಷ್ಟೇ ಹೋಗುವುದು ಹೇಗೂ ಕಷ್ಟವಿತ್ತು ಎಂದು ಡಾಕ್ಟರು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಇನ್ನೊಂದು ಸಲ ಹೀಗೆ ಬಿಟ್ಟು ಬಿಟ್ಟು ನುಂಗಿದರೆ ಈ ಮಾತ್ರೆಗೂ ಅದು ಪಳಗಿಬಿಡುತ್ತದೆ. ಆಮೇಲೆ ಹಿಡಿಯಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅಪ್ಪ ಸ್ಕ್ಯಾನ್ ಮಾಡಿಸಿದ ಚಿತ್ರ ಕಳಿಸಿದ್ದಾರೆ. ಕಲ್ಲು ಇದೆ. ಪಿತ್ತಕೋಶವನ್ನೇ ತೆಗೆಸಬೇಕು. ದೊಡ್ಡ ಆಪರೇಷನ್ ಅಲ್ಲ. ಆದರೆ ಜೊತೆಗೆ ಮಾತ್ರೆ ತಪ್ಪಬಾರದು, ಏಕಾದಶಿಗೂ.

ಇನ್ನೊಂದು ವಿಷಯ ಇದೆ, ಬರೆಯಲೋ ಬೇಡವೋ ಎಂದು ಒದ್ದಾಡುತ್ತಿದ್ದೇನೆ. ಈ ಕ್ರಿಮಿಯ ವಂಶಾವಳಿ ಬಂತು. ಮನುಷ್ಯರ ಹಾಗೆ ಅವಕ್ಕೂ ಇರುತ್ತದೆ, ಯಾವ ಪೀಳಿಗೆ, ಯಾವ ಕಾಲದ್ದು ಎಂದು ಓದಬಹುದು. ಇದು ನಾನು ಚಿಕ್ಕವಳಿದ್ದ ಕಾಲದಲ್ಲಿ ಈ ಕಡೆ ಓಡಾಡುತ್ತಿದ್ದ ಪೀಳಿಗೆ. ಅಮ್ಮ ತೀರಿಕೊಂಡ ವರ್ಷ ನನಗೆ ತಿಂಗಳುಗಟ್ಟಲೆ ವಿಷಮಜ್ವರ ಬಂದು ಉಳಿದದ್ದೇ ಹೆಚ್ಚು ಎಂದು ಅಪ್ಪ ಹೇಳುತ್ತಿರುತ್ತಾರೆ. ಆಗ ನನ್ನನ್ನು ನೋಡಿಕೊಂಡವಳು ನೀನು. ಆದರೆ ನೀನು ಮಡಿಯವಳು, ನನಗೂ ಮೇಲಿನಿಂದಲೇ ಬಡಿಸುತ್ತಿದ್ದವಳು. ನನ್ನಿಂದ ನಿನಗೆ ಹೇಗೆ ಬರುತ್ತದೆ? ಬಂದಿರಲಾರದು, ಅಲ್ಲವೇ?

ಮಾಧವಿ

*

ಹೊಸಪೇಟೆ
೧೮ ಜನವರಿ ೨೦೨೫

ಚಿ. ಮಾಧವಿ,

ಆಪರೇಷನ್ ಆಯಿತು. ನೀನು ಬರಲು ಹಟ ಮಾಡಿದೆಯಂತೆ, ತುಂಬು ಬಸುರಿ ಆಸ್ಪತ್ರೆ ಮೆಟ್ಟಿಲು ಹತ್ತಬಾರದು ಅಂತ ನಾನೇ ಬೇಡವೆಂದೆ. ತಾಳಿಯಿಲ್ಲದ ಕೊರಳಿನ ತುಳಸಿಮಣಿ ಸರ, ಸೀರೆ, ಎಲ್ಲ ತೆಗೆಸಿ ಹಸಿರು ಅಂಗಿ ಹಾಕಿಸಿದರು. ಯಾರ್ಯಾರೋ ಮುಟ್ಟಿದರು. ನರ್ಸು ಹುಡುಗಿ ನನ್ನ ಕೈ ಹಿಡಿದುಕೊಂಡು, "ಅಂಜಬ್ಯಾಡ್ರಿ ಅಜ್ಜಿ, ನಾ ಇಲ್ಲೇ ಅದೀನಿ" ಅಂದಳು. "ನನ್ನ ಕೈ ಹಿಡಿಬ್ಯಾಡವಾ ತಂಗಿ" ಅಂದೆ. ಅವಳಿಗೆ ತಿಳಿಯಲಿಲ್ಲ, ನಕ್ಕಳು, ಬಿಡಲಿಲ್ಲ. ಅಷ್ಟರಲ್ಲಿ ನನಗೆ ಎಚ್ಚರ ತಪ್ಪಿತು.

ಕಲ್ಲನ್ನು ಸಣ್ಣ ಬಾಟಲಿಯಲ್ಲಿ ಹಾಕಿ ತೋರಿಸಿದರು. ಇಷ್ಟೇ ಇಷ್ಟು, ಹುಣಸೆಬೀಜದಷ್ಟು. ಇದಕ್ಕೋಸ್ಕರ ಒಂದು ಕೂಸಿನ ಹೊಟ್ಟೆ ಕೊಯ್ದರು.

ವೈಕುಂಠ ಏಕಾದಶಿಯ ದಿನ ಮಾತ್ರೆ ನುಂಗಿದೆ, ಎರಡು ಹೊತ್ತೂ. ನೀರು ಸಮೇತ. ಹುಟ್ಟಿದಾಗಿನಿಂದ ಅದೇ ಮೊದಲು.

ಡಬ್ಬಿ ಯಾವಾಗ ಬೇಕೋ ಹೇಳು.

ಅತ್ತೆ

*

ಬಳ್ಳಾರಿ
೧೪ ಏಪ್ರಿಲ್ ೨೦೨೫

ಅತ್ತೆ,

ಆಪರೇಷನ್ ಆದ ಮೇಲಿನ ಮೂರನೆಯ ಫಲಿತಾಂಶವೂ ಬಂತು. ಇಲ್ಲ. ಫೆಬ್ರವರಿಯಲ್ಲಿ ಇಲ್ಲ, ಮಾರ್ಚಿನಲ್ಲಿ ಇಲ್ಲ, ಈಗಲೂ ಇಲ್ಲ. ಮೇಡಂ ತಾವೇ ನೋಡಿ, "ಇನ್ನು ಸಾಕು, ಅವರನ್ನು ಬಿಟ್ಟುಬಿಡು" ಎಂದರು. ಇಲ್ಲ ಅಂತ ಬರೆ ಮಾಧವಿ ಎಂದು ನೀನು ಕೇಳಿದ್ದೆ. ಬರೆದಿದ್ದೇನೆ ನೋಡು. ಇಲ್ಲ, ಇಲ್ಲ, ಇಲ್ಲ.

ನಿನ್ನ ಮೊಮ್ಮಗಳಿಗೆ ಒಂದೂವರೆ ತಿಂಗಳು ತುಂಬಿತು. ಇನ್ನೂ ಹೆಸರಿಟ್ಟಿಲ್ಲ. ನಿನ್ನ ಹೊರತು ತೊಟ್ಟಿಲು ಶಾಸ್ತ್ರ ಬೇಡ ಎಂದಿದ್ದೇನೆ, ಇಲ್ಲಿ ಗಂಡನ ಮನೆಯ ಹಿರಿಯರಿಗೆಲ್ಲ ಮುನಿಸು. ಅಪ್ಪ ಬಂದು ನೋಡಿ ಹೋದರು. "ನಿಮ್ಮತ್ತಿ ಬಸ್‌ಸ್ಟ್ಯಾಂಡ್ ತನಕ ಬಂದು ಹೊಳ್ಳಿ ಹೋದಳು" ಎಂದರು. ಅವತ್ತು ಇಡೀ ದಿನ ನನ್ನ ಕಣ್ಣೀರು ನಿಲ್ಲಲಿಲ್ಲ. ನೀನು ಹೊಲಿದು ಕಳಿಸಿದ ದುಪ್ಪಟಿಗಳನ್ನು ಕುದಿಸಿ ಕುದಿಸಿ ಬಣ್ಣ ಹೋಗಿದೆ, ನೀನೇ ಕುದಿಸಿದ್ದೆಯಂತೆ. ಅದರಲ್ಲೇ ಮಲಗುತ್ತದೆ ಕೂಸು.

ನಾನು ಡಿಸೆಂಬರಿನಲ್ಲಿ ಕೇಳಿದ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ಮರೆತಿಲ್ಲ ನೀನು, ಮರೆಯುವವಳಲ್ಲ. ಗಾಯತ್ರಿಯನ್ನು ನೆನೆದಾಗಲೆಲ್ಲ ಅದೇ ಪ್ರಶ್ನೆ ಎದೆಗೆ ಬಂದು ಕೂರುತ್ತದೆ. ಇದು ಎಲ್ಲಿಂದ ಹೊರಟಿತು? ನನಗೆ ಹೇಳು. ನಾನು ಮುರಿದು ಬೀಳುವುದಿಲ್ಲ.

ಬಾ ಅತ್ತೆ. ಬಂದು ಇವಳನ್ನು ಎತ್ತಿಕೋ.

ನಿನ್ನ ಮಾಧವಿ

*

ಹೊಸಪೇಟೆ
೨೧ ಏಪ್ರಿಲ್ ೨೦೨೫

ಮಾಧವಿಗೂ ಈಗ ಹೊರಗೆ ಬಂದಿರುವ ಪುಟ್ಟದಕ್ಕೂ ಆಶೀರ್ವಾದ.

ಕಾಗದ ನಿಮ್ಮಪ್ಪನ ಕೈಯಲ್ಲಿ ಓದಿಸಿದೆ, ನನ್ನ ಕಣ್ಣಿನ ಮೇಲೆ ನಂಬಿಕೆಯಿರಲಿಲ್ಲ. ಅವನೂ ಇಲ್ಲ ಅಂತಲೇ ಓದಿದ. ಆದರೂ ಹೆದರಿಕೆ ಹೋಗಿಲ್ಲ. ಮೈಯಿಂದ ಹೋದದ್ದು ಮನಸ್ಸಿನಿಂದ ಹೋಗಲು ಯಾವ ಮಾತ್ರೆಯಿದೆಯೋ ನಿಮ್ಮ ಲ್ಯಾಬಿನಲ್ಲಿ ಕೇಳು. ಅವತ್ತು ಬಳ್ಳಾರಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಗಾಯತ್ರಿಯ ಹೊಟ್ಟೆಯ ಗೀರು ಕಣ್ಣ ಮುಂದೆ ಬಂತು. ಇಳಿದೆ.

ಹೊಳೆಮ್ಮ ಕೆಲಸಕ್ಕೆ ಮತ್ತೆ ಬರಲಿಲ್ಲ. ಬೇರೆ ಮನೆ ಹಿಡಿದಿದ್ದಾಳೆ. ಓಣಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ, ತಿರುಗಿಸಲಿ. ಗಾಯತ್ರಿ ಮಾತ್ರ ಶಾಲೆಗೆ ಹೋಗುವಾಗ ಕಿಟಕಿಯಲ್ಲಿ ಕೂಗುತ್ತದೆ. ನಾನು ಒಳಗಿನಿಂದಲೇ ಮಾತಾಡುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ.

ನಿನಗೆ ಆರು ವರ್ಷ. ನಿಮ್ಮಮ್ಮ ಹೋಗಿ ತಿಂಗಳಾಗಿತ್ತು. ಜ್ವರದಲ್ಲಿ ನೀನು ಏನೂ ತಿನ್ನಲೊಲ್ಲೆ. ಗಂಜಿ ಬಾಯಿಗಿಟ್ಟರೆ ಹಲ್ಲು ಕಚ್ಚುತ್ತಿದ್ದೆ. "ಅಮ್ಮ ಒಂದು ತುತ್ತು ನನಗ, ಒಂದು ತುತ್ತು ತನಗ ಮಾಡ್ತಿದ್ಲು. ನೀನೂ ಉಣ್ಣು, ಅಂದ್ರ ನಾ ಉಣ್ತೀನಿ" ಅಂದೆ. ನಾನು ಹೊಸದಾಗಿ ಮಡಿ ಹಿಡಿದ ವಿಧವೆ. ಪರರ ಎಂಜಲು ಇರಲಿ, ನೆರಳು ಬಿದ್ದ ಅನ್ನವನ್ನೂ ಮುಟ್ಟುತ್ತಿರಲಿಲ್ಲ. ಬಾಗಿಲು ಹಾಕಿದೆ. ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ನಿನ್ನ ಬಟ್ಟಲಿನಿಂದ, ನಿನ್ನ ಚಮಚದಿಂದ, ನಿನಗೊಂದು ನನಗೊಂದು. ಜ್ವರ ಬಿಡುವವರೆಗೆ ದಿನಾ ಹಾಗೇ. ನಿಮ್ಮಪ್ಪನಿಗೂ ಗೊತ್ತಿಲ್ಲ.

ನನ್ನ ಜನ್ಮದಲ್ಲಿ ಬೇಕೆಂದು ಮಾಡಿದ ಮೈಲಿಗೆ ಅದೊಂದೇ. ಬೆಕ್ಕು ಮುಟ್ಟಿದರೂ ಪ್ರಾಯಶ್ಚಿತ್ತ ಮಾಡಿಕೊಂಡವಳು ನಾನು, ಪಂಚಗವ್ಯ ಕುಡಿದವಳು. ಅದಕ್ಕೆ ಮಾತ್ರ ಮಾಡಿಕೊಳ್ಳಲಿಲ್ಲ. ಈಗಲೂ ಮಾಡಿಕೊಳ್ಳುವುದಿಲ್ಲ. ಗಾಯತ್ರಿಗೆ ಆದದ್ದು ನನ್ನ ತಲೆಯ ಮೇಲಿದೆ, ಸಾಯುವವರೆಗೂ ಇರುತ್ತದೆ. ಅದನ್ನು ನಿನ್ನ ಎಂಜಲಿನ ಮೇಲೆ ಹಾಕಬೇಡ. ಆ ಎಂಜಲು ಉಂಡೇ ನೀನು ನನ್ನ ಮಗಳಾದದ್ದು.

ಶುಕ್ರವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ. ಈ ಸಲ ಇಳಿಯುವುದಿಲ್ಲ. ಕೂಸನ್ನು ಮೊದಲೇ ನನ್ನ ಕೈಗೆ ಕೊಡಬೇಡ, ಸ್ವಲ್ಪ ಹೊತ್ತು ನೋಡುತ್ತೇನೆ.

ಬಾಗಿಲಲ್ಲಿ ಒಂದು ಬಕೆಟ್ ನೀರು ಇಟ್ಟಿರು. ಪಕ್ಕದಲ್ಲಿ ಸಾಬೂನು ಇಡು.

ನಿನ್ನ ಅತ್ತೆ